ಕಳೆದದ್ದನ್ನು ಒಪ್ಪಿಕೊಳ್ಳುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆಯದನ್ನು ಹೊತ್ತು ಸುಸ್ತಾದವರು, ಅದನ್ನು ಎಲ್ಲಿ ಇಳಿಸುವುದೆಂದು ತಿಳಿಯದವರು ಕೇಳುವ ಪ್ರಶ್ನೆಗಳಿವು. ಉತ್ತರಗಳಲ್ಲಿ ಮನಶ್ಶಾಸ್ತ್ರದ ಸಂಶೋಧನೆಯೂ ಇದೆ, ನನ್ನ ಅಭಿಪ್ರಾಯವೂ ಇದೆ. ಯಾವುದು ಯಾವುದೆಂದು ತಿಳಿಯುವಂತೆ ಬರೆದಿದ್ದೇನೆ. ಮೊದಲಿನಿಂದಲೇ ಓದಬೇಕೆಂದಿಲ್ಲ, ನಿಮ್ಮ ಪ್ರಶ್ನೆ ಎಲ್ಲಿದೆಯೋ ಅಲ್ಲಿಂದ ಶುರುಮಾಡಿ.

ನಡೆದದ್ದನ್ನು ಒಪ್ಪಿಕೊಂಡರೆ ಅದು ಸರಿ ಎಂದು ಹೇಳಿದಂತೆ ಆಗುವುದಿಲ್ಲವೇ?

ಆಗುವುದಿಲ್ಲ. ಈ ಅನುಮಾನ ಎಷ್ಟೋ ಜನರನ್ನು ವರ್ಷಗಟ್ಟಲೆ ಕಟ್ಟಿಹಾಕಿರುತ್ತದೆ, ಹಾಗಾಗಿ ಮೊದಲು ಇದನ್ನೇ ಬಿಡಿಸೋಣ. "ನನಗೆ ಅನ್ಯಾಯವಾಯಿತು" ಎಂಬ ಮಾತಿನಲ್ಲಿ ಒಪ್ಪಿಕೊಳ್ಳಬೇಕಾದದ್ದೆಲ್ಲ ಇದೆ. ಆಯಿತು, ಆದದ್ದು ಅನ್ಯಾಯ, ಆದದ್ದು ನನಗೆ. ಒಪ್ಪಿಕೊಳ್ಳದ ಮನಸ್ಸು ಬೇರೆ ಥರ ಮಾತಾಡುತ್ತದೆ. "ಅಷ್ಟೇನೂ ದೊಡ್ಡ ವಿಷಯವಲ್ಲ ಬಿಡಿ", "ಅವರು ಬೇಕೆಂದು ಹಾಗೆ ಮಾಡಿರಲಾರರು", "ಅದೊಂದು ಆಗದೇ ಇದ್ದಿದ್ದರೆ ನಾನು ಎಲ್ಲೋ ಇರುತ್ತಿದ್ದೆ". ಮೊದಲ ಎರಡು ಮಾತು ನಡೆದದ್ದನ್ನು ಕುಗ್ಗಿಸುತ್ತವೆ, ಮೂರನೆಯದು ಅದನ್ನು ಇಡೀ ಬದುಕಿನಷ್ಟು ಹಿಗ್ಗಿಸುತ್ತದೆ. ನಡೆದದ್ದನ್ನು ಅದರ ನಿಜವಾದ ಅಳತೆಯಲ್ಲಿ ನೋಡುವುದನ್ನೇ ನಾನು ಒಪ್ಪಿಕೊಳ್ಳುವುದು ಎನ್ನುತ್ತೇನೆ. ಮುಂದಿನ ಉತ್ತರಗಳಲ್ಲಿ ಹೆಚ್ಚಿನವು ಈ ಮಾತಿನ ಸುತ್ತಲೇ ಇವೆ.

ಒಪ್ಪಿಕೊಂಡುಬಿಟ್ಟರೆ ಬದಲಾಗಬೇಕೆಂಬ ಛಲ ಹೋಗುವುದಿಲ್ಲವೇ?

ಅಮೆರಿಕದ ಮನಶ್ಶಾಸ್ತ್ರಜ್ಞೆ ಮಾರ್ಷಾ ಲಿನೆಹನ್ ಮತ್ತೆ ಮತ್ತೆ ಸಾಯಲು ಯತ್ನಿಸಿದವರಿಗೆ ಚಿಕಿತ್ಸೆ ಕೊಡುವಾಗ ಈ ಪ್ರಶ್ನೆಯನ್ನು ಎದುರಿಸಬೇಕಾಯಿತು. ಬದಲಾಗಿ ಎಂದಷ್ಟೇ ಒತ್ತಿ ಹೇಳಿದಾಗ ಆ ರೋಗಿಗಳಿಗೆ ಅದು "ತಪ್ಪೆಲ್ಲ ನಿನ್ನದೇ" ಎಂಬಂತೆ ಕೇಳಿಸುತ್ತಿತ್ತು. ಒಪ್ಪಿಕೊಳ್ಳಿ ಎಂದಷ್ಟೇ ಹೇಳಿದಾಗ "ಹಾಗಾದರೆ ನನ್ನ ನರಳಾಟಕ್ಕೆ ಕೊನೆಯೇ ಇಲ್ಲ" ಎಂದು ಕಂಗೆಡುತ್ತಿದ್ದರು. ಎರಡನ್ನೂ ಒಟ್ಟಿಗೆ ಹಿಡಿಯುವ ವಿಧಾನವನ್ನು ಅವರು ರೂಪಿಸಿದರು. ಇಂದು ಅದು ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ, ಚಿಕ್ಕದಾಗಿ ಡಿಬಿಟಿ, ಎಂದು ಹೆಸರಾಗಿದೆ. 17ನೆಯ ವಯಸ್ಸಿನಲ್ಲಿ ತಾವೇ ಮನೋರೋಗಿಯಾಗಿ ಆಸ್ಪತ್ರೆ ಸೇರಿದ್ದನ್ನು ಲಿನೆಹನ್ 2011ರಲ್ಲಿ ಬಹಿರಂಗವಾಗಿ ಹೇಳಿಕೊಂಡರು.

ಓದು ಅರ್ಧಕ್ಕೆ ನಿಂತವರನ್ನೇ ನೋಡಿ. ಅದನ್ನು ಮುಚ್ಚಿಡುವಷ್ಟು ಕಾಲ ಅವರು ಮತ್ತೆ ಓದುವುದು ಹೇಗೆಂದು ಯಾರನ್ನೂ ಕೇಳಲಾರರು, ಕೇಳಿದರೆ ಗುಟ್ಟು ಬಯಲಾಗುತ್ತದೆ. "ಹೌದು, ಅರ್ಧಕ್ಕೆ ಬಿಟ್ಟೆ" ಎಂದವರಿಗೆ ಮುಂದಿನ ಪ್ರಶ್ನೆ ಕೇಳಲು ಬಾಯಿ ಬರುತ್ತದೆ. ಎಲ್ಲಾ ಹಣೆಬರಹ ಎಂದು ಕೈಚೆಲ್ಲಿ ಕೂರುವುದು ಇದಲ್ಲ. ಹಾಗೆ ಕೂತವರು ಇನ್ನೂ ಆಗದೇ ಇರುವುದನ್ನೂ ಆಗಿಹೋದದ್ದರ ಲೆಕ್ಕಕ್ಕೆ ಸೇರಿಸಿಬಿಡುತ್ತಾರೆ.

ಇಷ್ಟೆಲ್ಲ ಯಾಕೆ? ಮರೆತುಬಿಟ್ಟರೆ ಸಾಲದೇ?

ತಾನಾಗಿ ಮರೆತುಹೋದರೆ ಸಂತೋಷ, ಅದನ್ನು ಕೆದಕುವ ಅಗತ್ಯವಿಲ್ಲ. ಮರೆಯಲೇಬೇಕೆಂದು ಹಟ ಹಿಡಿದಾಗ ತೊಂದರೆ ಶುರುವಾಗುತ್ತದೆ. 1987ರಲ್ಲಿ ಡೇನಿಯಲ್ ವೆಗ್ನರ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗದಲ್ಲಿ, ಭಾಗವಹಿಸಿದ್ದವರಿಗೆ ಐದು ನಿಮಿಷ ಬಿಳಿ ಕರಡಿಯ ಬಗ್ಗೆ ಯೋಚಿಸಬೇಡಿ, ಯೋಚನೆ ಬಂದರೆ ಗಂಟೆ ಬಾರಿಸಿ ಎಂದು ಹೇಳಲಾಯಿತು. ಅವರು ಬಾರಿಸುತ್ತಲೇ ಇದ್ದರು. ಆಮೇಲೆ "ಈಗ ಬೇಕಾದರೆ ಯೋಚಿಸಿ" ಎಂದಾಗ, ಮೊದಲಿನಿಂದಲೂ ಯೋಚಿಸಲು ಬಿಟ್ಟಿದ್ದವರಿಗಿಂತ ಇವರಿಗೇ ಆ ಕರಡಿ ಹೆಚ್ಚು ಸಲ ನೆನಪಾಯಿತು. ಬರೀ ಕರಡಿಗೇ ಹೀಗಾದರೆ, ಅವಮಾನವಾದ ದಿನವನ್ನೋ ಕಳೆದುಕೊಂಡ ಮನುಷ್ಯರನ್ನೋ ಹಾಗೆ ಅದುಮಿಡುವುದು ಎಷ್ಟು ಕಷ್ಟವೆಂದು ಊಹಿಸಿಕೊಳ್ಳಿ.

ನನ್ನ ನೆನಪನ್ನು ನಾನು ಎಷ್ಟು ನಂಬಬಹುದು? ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಇದು ಎಲ್ಲ ಮನೆಗಳಲ್ಲೂ ಇರುವುದೇ. ನೆನಪು ಎಂಬುದು ಎಲ್ಲೋ ಭದ್ರವಾಗಿಟ್ಟ ಚಿತ್ರವಲ್ಲ, ಪ್ರತಿ ಸಲವೂ ಹೊಸದಾಗಿ ಕಟ್ಟಿಕೊಳ್ಳುವಂಥದ್ದು ಎಂದು ಬ್ರಿಟನ್ನಿನ ಫ್ರೆಡೆರಿಕ್ ಬಾರ್ಟ್ಲೆಟ್ 1932ರಲ್ಲೇ ವಾದಿಸಿದರು. 1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಕೆಲವರಿಗೆ ಕಾರು ಅಪಘಾತದ ಚಲನಚಿತ್ರದ ತುಣುಕುಗಳನ್ನು ತೋರಿಸಿದರು. "ಕಾರುಗಳು ಒಂದಕ್ಕೊಂದು ತಾಗಿದಾಗ ವೇಗ ಎಷ್ಟಿತ್ತು" ಎಂದು ಕೇಳಿದವರಿಗಿಂತ, "ಅಪ್ಪಳಿಸಿದಾಗ ಎಷ್ಟಿತ್ತು" ಎಂದು ಕೇಳಿದವರು ಹೆಚ್ಚು ವೇಗ ಹೇಳಿದರು. ಇನ್ನೊಂದು ಪ್ರಯೋಗದಲ್ಲಿ, ವಾರದ ನಂತರ ಒಡೆದ ಗಾಜು ನೋಡಿದಿರಾ ಎಂದು ಕೇಳಿದಾಗ, "ಅಪ್ಪಳಿಸಿದಾಗ" ಎಂಬ ಮಾತು ಕೇಳಿದ್ದ 50 ಜನರಲ್ಲಿ 16 ಮಂದಿ ಹೌದು ಎಂದರು. "ಗುದ್ದಿದಾಗ" ಎಂದು ಕೇಳಿದ್ದ 50 ಜನರಲ್ಲಿ 7 ಮಂದಿ. ಚಿತ್ರದಲ್ಲಿ ಒಡೆದ ಗಾಜು ಇರಲೇ ಇಲ್ಲ.

ಇದರಿಂದ ನೆನಪೆಲ್ಲ ಸುಳ್ಳು ಎಂಬ ತೀರ್ಮಾನಕ್ಕೆ ಬರಬೇಡಿ. ದಯವಿಟ್ಟು ಈ ಪ್ರಯೋಗವನ್ನು ಇನ್ನೊಬ್ಬರ ನೋವನ್ನು ತಳ್ಳಿಹಾಕಲು ಬಳಸಲೂ ಬೇಡಿ. ಬಹಳ ಸಲ ಘಟನೆಯ ತಿರುಳು ಉಳಿದು ಅಂಚುಗಳು ಬದಲಾಗಿರುತ್ತವೆ. ಅಣ್ಣನಿಗೆ ನೆನಪಿರುವ ಅಪ್ಪನೇ ಬೇರೆ, ತಂಗಿಗೆ ನೆನಪಿರುವ ಅಪ್ಪನೇ ಬೇರೆ ಎಂದಾಗ ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದಾರೆ ಎಂದುಕೊಳ್ಳಬೇಕಿಲ್ಲ. ಬೇರೆ ಬೇರೆ ವಯಸ್ಸಿನಲ್ಲಿ, ಬೇರೆ ಬೇರೆ ಸಂಬಳದ, ಬೇರೆ ಬೇರೆ ಆರೋಗ್ಯದ ಅಪ್ಪನನ್ನು ಅವರು ನೋಡಿರುತ್ತಾರೆ. ತಾರೀಖು, ಯಾರು ಯಾವ ಮಾತು ಹೇಳಿದರು ಎಂಬುದರ ಬಗ್ಗೆ ಹಿಡಿತ ಸಡಿಲಿಸಬಹುದು. "ಆ ಮನೆಯಲ್ಲಿ ನನಗೆ ಭಯವಿತ್ತು" ಎಂಬುದಕ್ಕೆ ಯಾರ ಒಪ್ಪಿಗೆಯ ಮುದ್ರೆಯೂ ಬೇಕಿಲ್ಲ.

ಬಾಲ್ಯ ನನ್ನನ್ನು ಎಷ್ಟರ ಮಟ್ಟಿಗೆ ರೂಪಿಸಿದೆ? ಕೆಟ್ಟ ಬಾಲ್ಯ ಸಿಕ್ಕವರ ಗತಿ ಅಷ್ಟೇ ತಾನೇ?

ಮೊದಲ ಪ್ರಶ್ನೆಗೆ ಉತ್ತರ: ಬಹಳಷ್ಟು. ಎರಡನೆಯದಕ್ಕೆ: ಖಂಡಿತ ಅಲ್ಲ. ಈ ಎರಡನ್ನೂ ಒಟ್ಟಿಗೆ ಹೇಳಬೇಕು, ಏಕೆಂದರೆ ಒಂದನ್ನೇ ಕೇಳಿಸಿಕೊಂಡವರು ಒಂದೋ ಹತಾಶರಾಗುತ್ತಾರೆ, ಇಲ್ಲವೇ ತಮ್ಮ ಮೇಲೆ ತಾವೇ ವಿಪರೀತ ಕಠಿಣವಾಗುತ್ತಾರೆ.

1998ರಲ್ಲಿ ಅಮೆರಿಕದ ವಿನ್ಸೆಂಟ್ ಫೆಲಿಟಿ, ರಾಬರ್ಟ್ ಆಂಡಾ ಮತ್ತು ಸಂಗಡಿಗರು ಒಂದು ಅಧ್ಯಯನ ಪ್ರಕಟಿಸಿದರು. ಒಂಬತ್ತು ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಬಾಲ್ಯದ ಬಗ್ಗೆ ಕೇಳಲಾಗಿತ್ತು. ಹೊಡೆತ, ಲೈಂಗಿಕ ದೌರ್ಜನ್ಯ, ತಾಯಿಯ ಮೇಲೆ ಹಿಂಸೆ, ಮನೆಯಲ್ಲಿ ಕುಡಿತ, ಯಾರಾದರೂ ಜೈಲಿಗೆ ಹೋದದ್ದು, ಇಂಥವು. ಅರ್ಧಕ್ಕಿಂತ ಹೆಚ್ಚು ಮಂದಿ ಒಂದಾದರೂ ಇತ್ತು ಎಂದರು. ನಾಲ್ಕು ಅಥವಾ ಹೆಚ್ಚು ಬಗೆಯ ಕಷ್ಟ ಕಂಡಿದ್ದವರಲ್ಲಿ ಕುಡಿತದ ಚಟ, ಮಾದಕ ವ್ಯಸನ, ಖಿನ್ನತೆ, ಆತ್ಮಹತ್ಯೆಯ ಯತ್ನದ ಅಪಾಯ ಏನೂ ಕಾಣದವರಿಗಿಂತ 4ರಿಂದ 12 ಪಟ್ಟು ಹೆಚ್ಚಿತ್ತು. ಅಂದರೆ "ಬಾಲ್ಯದ್ದೆಲ್ಲ ಬಾಲ್ಯಕ್ಕೇ ಮುಗಿಯಿತು" ಎನ್ನುವವರು ತಪ್ಪು ತಿಳಿದಿದ್ದಾರೆ. ಆದರೆ ಈ ಅಂಕಿಗಳು ಸಾವಿರಾರು ಜನರ ಗುಂಪಿನ ಬಗ್ಗೆ ಹೇಳುತ್ತವೆ. ಒಬ್ಬೊಬ್ಬರ ಭವಿಷ್ಯ ಹೇಳಲು ಕಷ್ಟಗಳ ಈ ಎಣಿಕೆಯನ್ನು ಬಳಸಬಾರದು ಎಂದು ಸ್ವತಃ ಆಂಡಾ ಅವರೇ ನಂತರ ಎಚ್ಚರಿಸಿದ್ದಾರೆ.

ಇನ್ನೊಂದು ಅಧ್ಯಯನ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಮತ್ತು ರೂತ್ ಸ್ಮಿತ್ ದಶಕಗಳ ಕಾಲ ಹಿಂಬಾಲಿಸಿ ನೋಡಿದರು. ಬಡತನ, ಮನೆಯ ಜಗಳ, ಹೆತ್ತವರ ಕುಡಿತ ಅಥವಾ ಮಾನಸಿಕ ಕಾಯಿಲೆ, ಹೀಗೆ ಹಲವು ಕಷ್ಟಗಳು ಒಟ್ಟಿಗೇ ಬಿದ್ದ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಒಬ್ಬರು ಆತ್ಮವಿಶ್ವಾಸದ, ಇನ್ನೊಬ್ಬರ ಬಗ್ಗೆ ಕಾಳಜಿಯುಳ್ಳ ವಯಸ್ಕರಾಗಿ ಬೆಳೆದರು. ಅವರಲ್ಲಿ ಹೆಚ್ಚಿನವರಿಗೆ ಕೈಬಿಡದ ಒಬ್ಬ ದೊಡ್ಡವರಾದರೂ ಇದ್ದರು. ಅಜ್ಜಿಯೋ, ಮೇಷ್ಟ್ರೋ, ನೆರೆಮನೆಯವರೋ.

ಉಳಿದ ಇಬ್ಬರ ಕಥೆ ಇನ್ನೂ ದೊಡ್ಡದು, ಅದನ್ನು ಅಷ್ಟಾಗಿ ಯಾರೂ ಹೇಳುವುದಿಲ್ಲ. ಹದಿಹರೆಯದಲ್ಲಿ ದಾರಿ ತಪ್ಪಿದ್ದ, ಪೊಲೀಸರ ಕೈಗೆ ಸಿಕ್ಕಿದ್ದ, ಸಣ್ಣ ವಯಸ್ಸಿಗೇ ತಾಯಿಯಾಗಿದ್ದ ಬಹಳಷ್ಟು ಮಂದಿ ಮೂವತ್ತು, ನಲವತ್ತರ ವಯಸ್ಸಿಗೆ ಬರುವಷ್ಟರಲ್ಲಿ ಚೇತರಿಸಿಕೊಂಡಿದ್ದರು. ಮತ್ತೆ ಓದಲು ಹೋದದ್ದು, ಒಳ್ಳೆಯ ಸಂಗಾತಿ ಸಿಕ್ಕಿದ್ದು, ಒಂದು ಸಮುದಾಯಕ್ಕೆ ಸೇರಿದ್ದು ಇವರನ್ನು ಎತ್ತಿದವು. ಇಪ್ಪತ್ತೈದರಲ್ಲಿ ಕೂತು "ನನ್ನ ಬದುಕು ಕೆಟ್ಟುಹೋಯಿತು" ಎಂದು ಬರೆದುಕೊಳ್ಳುವವರಿಗೆ ಈ ಭಾಗವನ್ನು ಓದಿ ಹೇಳಬೇಕೆನಿಸುತ್ತದೆ.

ನನ್ನ ಇವತ್ತಿನ ಸ್ವಭಾವದಲ್ಲಿ ಯಾವುದು ಹಳೆಯ ಪೆಟ್ಟಿನಿಂದ ಬಂದದ್ದು ಎಂದು ಹೇಗೆ ಗುರುತಿಸುವುದು?

ಎದುರಿಗಿರುವ ವಿಷಯ ಸಣ್ಣದು, ನಿಮ್ಮ ಪ್ರತಿಕ್ರಿಯೆ ದೊಡ್ಡದು. ಹೀಗಾದ ಕಡೆಗಳಲ್ಲಿ ಹುಡುಕಿ. ಯಾರೋ ಬಾಗಿಲು ಸ್ವಲ್ಪ ಜೋರಾಗಿ ಹಾಕಿದರೆ ಎದೆ ಹೊಡೆದುಕೊಳ್ಳುತ್ತದೆ. ಮೇಲಧಿಕಾರಿ "ಒಂದು ನಿಮಿಷ ಬನ್ನಿ" ಎಂದರೆ ಕೆಲಸವೇ ಹೋಯಿತು ಎನಿಸುತ್ತದೆ. ಸ್ನೇಹಿತೆ ಮೆಸೇಜಿಗೆ ಉತ್ತರಿಸಲು ತಡಮಾಡಿದರೆ "ನಾನೇನು ತಪ್ಪು ಮಾಡಿದೆ" ಎಂದು ಹಳೆಯ ಮೆಸೇಜುಗಳನ್ನೆಲ್ಲ ತಿರುವಿಹಾಕುತ್ತೀರಿ. ಯಾರಾದರೂ ಹೊಗಳಿದರೆ ಮೈ ಮುದುಡಿಕೊಳ್ಳುತ್ತದೆ. ಮಳೆ ನಿಂತರೂ ಮರದ ಹನಿ ನಿಲ್ಲದು ಎನ್ನುವುದು ಇಂಥದ್ದಕ್ಕೇ.

ಈ ಗುಣಗಳನ್ನು ಬೈದುಕೊಳ್ಳುವ ಮುನ್ನ ಅವು ಆಗ ಏನು ಕೆಲಸ ಮಾಡುತ್ತಿದ್ದವು ಎಂದು ಕೇಳಿಕೊಳ್ಳಿ. ಕುಡಿದು ಬರುವವರ ಮನೆಯಲ್ಲಿ ಬೆಳೆದ ಮಗು ಹೆಜ್ಜೆಯ ಸದ್ದಿನಿಂದಲೇ ಆ ರಾತ್ರಿ ಹೇಗಿರುತ್ತದೆ ಎಂದು ಓದಲು ಕಲಿಯುತ್ತದೆ. ಅದು ಆ ಮಗುವನ್ನು ಕಾಪಾಡಿದ ಜಾಣತನ. ದೊಡ್ಡವರಾದ ಮೇಲೆ ಅದೇ ಜಾಣತನ ಎಲ್ಲರ ಮುಖವನ್ನೂ ಸದಾ ಕಾಯುತ್ತಾ ಕೂರುವ ಆಯಾಸವಾಗುತ್ತದೆ. ಜೊತೆಗೆ, ಇನ್ನೊಬ್ಬರ ಸಂಕಟ ಎಲ್ಲರಿಗಿಂತ ಮೊದಲು ಗೊತ್ತಾಗುವುದೂ ಅದೇ ಗುಣದಿಂದ. ಅದನ್ನು ಬೇರುಸಹಿತ ಕೀಳಬೇಕಿಲ್ಲ, ಎಲ್ಲಿ ಬೇಕು ಎಲ್ಲಿ ಬೇಡ ಎಂದು ತಿಳಿದರೆ ಆಯಿತು. ಮುಂದಿನ ಸಲ ಎದೆ ಹೊಡೆದುಕೊಂಡಾಗ "ಇದು ಇವತ್ತಿನದೋ, ಆವತ್ತಿನದೋ" ಎಂದು ಒಂದು ಸಲ ಕೇಳಿಕೊಳ್ಳಿ. ಉತ್ತರ ತಕ್ಷಣ ಸಿಗದಿದ್ದರೂ ಆ ಪ್ರಶ್ನೆಗೆ ನಿಲ್ಲುವ ಒಂದು ಕ್ಷಣವೇ ನಿಮ್ಮ ಕೈಗೆ ಸಿಗುವ ಬಿಡುವು.

"ಆಗಿದ್ದೆಲ್ಲಾ ಒಳ್ಳೆಯದಕ್ಕೇ" ಎನ್ನುತ್ತಾರೆ. ಕಷ್ಟ ಕೊಟ್ಟದ್ದಕ್ಕೂ ನಾನು ಕೃತಜ್ಞತೆ ಇಟ್ಟುಕೊಳ್ಳಬೇಕೇ?

ಬೇಕಿಲ್ಲ. ಪೆಟ್ಟು ತಿಂದ ಕೆಲವರಲ್ಲಿ ಆಮೇಲೆ ಬೆಳವಣಿಗೆ ಕಾಣುತ್ತದೆ ಎಂಬುದು ನಿಜ. ಸಂಬಂಧಗಳು ಆಳವಾಗುತ್ತವೆ, ಯಾವುದು ಮುಖ್ಯ ಎಂಬ ತಿಳಿವು ಬರುತ್ತದೆ. ಅದನ್ನು ಅಳೆಯಲು ರಿಚರ್ಡ್ ಟೆಡೆಸ್ಕಿ ಮತ್ತು ಲಾರೆನ್ಸ್ ಕಾಲ್ಹೂನ್ 1996ರಲ್ಲಿ ಒಂದು ಪ್ರಶ್ನಾವಳಿಯನ್ನೂ ಮಾಡಿದರು. ಆದರೆ ಆ ಬೆಳವಣಿಗೆ ಪೆಟ್ಟಿನಿಂದ ಬರುವುದಿಲ್ಲ, ಪೆಟ್ಟಿನ ನಂತರ ಆ ವ್ಯಕ್ತಿ ಪಡುವ ಪಾಡಿನಿಂದ ಬರುತ್ತದೆ ಎಂದು ಅವರೇ ಹೇಳುತ್ತಾರೆ. ನಿಮ್ಮಲ್ಲಿ ಗಟ್ಟಿತನವಿದ್ದರೆ ಅದರ ಶ್ರೇಯಸ್ಸು ಹೊಡೆದವರಿಗೆ ಹೋಗಬಾರದು. ಅದು ನಿಮ್ಮದು, ನಿಮ್ಮ ಕೈಹಿಡಿದವರದು.

ಇನ್ನೊಬ್ಬರ ದುಃಖದ ಮುಂದೆ ಈ ಮಾತನ್ನು ಆಡಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ತನ್ನ ಬದುಕಿನ ಬಗ್ಗೆ ಒಬ್ಬರು ತಾವಾಗಿಯೇ ಹಾಗೆ ಹೇಳಿಕೊಂಡರೆ ಅದು ಬೇರೆ, ಅದಕ್ಕೆ ಅವರು ಬೆಲೆ ತೆತ್ತಿದ್ದಾರೆ. ಏನನ್ನೂ ಕಲಿಸದ, ಬರೀ ಕಿತ್ತುಕೊಂಡು ಹೋದ ಕಷ್ಟಗಳೂ ಇರುತ್ತವೆ. ಅವಕ್ಕೆ ಅರ್ಥ ಹುಡುಕದೆ, ನಷ್ಟ ಎಂದೇ ಕರೆಯುವುದೂ ಒಪ್ಪಿಕೊಳ್ಳುವುದೇ.

ನನಗೆ ಯಾರೂ ಅನ್ಯಾಯ ಮಾಡಿಲ್ಲ. ನಾನೇ ಮಾಡಿದ್ದೇನೆ. ನನ್ನನ್ನು ನಾನು ಹೇಗೆ ಒಪ್ಪಿಕೊಳ್ಳಲಿ?

ಈ ಪ್ರಶ್ನೆ ಕೇಳಲು ಧೈರ್ಯ ಬೇಕು. ಮೊದಲು ಎರಡು ಭಾವನೆಗಳನ್ನು ಬೇರೆ ಮಾಡಿ ನೋಡಿ. "ನಾನು ಕೆಟ್ಟ ಕೆಲಸ ಮಾಡಿದೆ" ಎಂಬುದೊಂದು, "ನಾನೇ ಕೆಟ್ಟವನು" ಎಂಬುದು ಇನ್ನೊಂದು. ಇವುಗಳನ್ನು ಬಹಳ ವರ್ಷ ಅಧ್ಯಯನ ಮಾಡಿದ ಜೂನ್ ಟ್ಯಾಂಗ್ನಿ ಕಂಡುಕೊಂಡ ಪ್ರಕಾರ, ಮೊದಲನೆಯದು ಜನರನ್ನು ಕ್ಷಮೆ ಕೇಳುವ, ಸರಿಪಡಿಸುವ ಕಡೆಗೆ ತಳ್ಳುತ್ತದೆ. ಎರಡನೆಯದು ಅಡಗಿಕೊಳ್ಳುವ, ಇಲ್ಲವೇ ಸಿಟ್ಟಿನಿಂದ ಇನ್ನೊಬ್ಬರ ಮೇಲೆ ತಪ್ಪು ಹೊರಿಸುವ ಕಡೆಗೆ ಎಳೆಯುತ್ತದೆ. ತನ್ನನ್ನು ತಾನು ಹಳಿದುಕೊಳ್ಳುವುದು ಪ್ರಾಯಶ್ಚಿತ್ತದಂತೆ ಕಾಣುತ್ತದೆ, ಆದರೆ ನಿಮ್ಮಿಂದ ನೊಂದವರಿಗೆ ಅದರಿಂದ ಏನೂ ಸಿಗುವುದಿಲ್ಲ.

ತನ್ನ ಬಗ್ಗೆ ಮೃದುವಾದರೆ ಸೋಮಾರಿಯಾಗಿಬಿಡುತ್ತೇನೆ ಎಂಬ ಭಯವೂ ಇರುತ್ತದೆ. 2012ರಲ್ಲಿ ಜೂಲಿಯಾನಾ ಬ್ರೈನ್ಸ್ ಮತ್ತು ಸೆರೀನಾ ಚೆನ್ ನಡೆಸಿದ ಪ್ರಯೋಗವೊಂದರಲ್ಲಿ, ಕಠಿಣ ಪರೀಕ್ಷೆಯೊಂದರಲ್ಲಿ ಸೋತ ವಿದ್ಯಾರ್ಥಿಗಳ ಪೈಕಿ ತಮ್ಮ ಸೋಲನ್ನು ಕನಿಕರದಿಂದ ನೋಡಲು ಪ್ರೇರಣೆ ಪಡೆದವರೇ ಮುಂದಿನ ಪರೀಕ್ಷೆಗೆ ಹೆಚ್ಚು ಹೊತ್ತು ಓದಿದರು.

ಮಾಡಬೇಕಾದದ್ದು ಹೀಗಿದೆ. ಏನು ಮಾಡಿದಿರಿ ಎಂಬುದನ್ನು ನೆಪವಿಲ್ಲದೆ ಒಂದು ವಾಕ್ಯದಲ್ಲಿ ಹೇಳಿ. "ಆದರೆ" ಎಂದು ಮುಂದುವರಿಯಬೇಡಿ. ತುಂಬಿಕೊಡಲು ಆಗುವಂಥದ್ದಿದ್ದರೆ, ಹಣವೋ ಮಾತೋ ಸತ್ಯವೋ, ಕೊಡಿ. ಕ್ಷಮೆ ಕೇಳುವುದರಿಂದ ಆ ವ್ಯಕ್ತಿಗೆ ಮತ್ತೆ ನೋವಾಗುವುದಾದರೆ ದೂರ ಉಳಿಯುವುದೇ ನಿಮ್ಮಿಂದ ಆಗಬಹುದಾದ ಉಪಕಾರ. ಅವರು ಕ್ಷಮಿಸಬೇಕೆಂಬ ಹಕ್ಕು ನಿಮಗಿಲ್ಲ. ಕ್ಷಮೆ ಸಿಗದಿದ್ದರೂ ಒಳ್ಳೆಯವರಾಗಿ ಬದುಕಲು ನಿಮ್ಮನ್ನು ಯಾರೂ ತಡೆದಿಲ್ಲ.

"ಆಗಲೇ ನನಗೆ ಗೊತ್ತಾಗಬೇಕಿತ್ತು" ಎಂದು ಕೊರಗುತ್ತೇನೆ.

1975ರಲ್ಲಿ ಬರೂಕ್ ಫಿಶ್‌ಹಾಫ್ ಜನರಿಗೆ 19ನೆಯ ಶತಮಾನದ ಬ್ರಿಟಿಷ್–ಗೂರ್ಖಾ ಯುದ್ಧದ ಬಗ್ಗೆ ಓದಲು ಕೊಟ್ಟು, ಒಂದೊಂದು ಗುಂಪಿಗೆ ಒಂದೊಂದು ಫಲಿತಾಂಶ ಹೇಳಿದರು. ಯಾವ ಫಲಿತಾಂಶ ಹೇಳಿದರೋ ಅದೇ ಆಗುವ ಸಾಧ್ಯತೆ ಹೆಚ್ಚಾಗಿತ್ತು ಎಂದು ಆ ಗುಂಪಿಗೆ ಅನಿಸಿತು. ಕೊನೆ ಗೊತ್ತಾದ ಮೇಲೆ ಎಲ್ಲ ಸುಳಿವುಗಳೂ ಅದರತ್ತಲೇ ಬೆರಳು ಮಾಡಿದಂತೆ ಕಾಣುತ್ತವೆ. ಆ ಮದುವೆಗೆ, ಆ ಸಾಲಕ್ಕೆ, ಆ ಕೆಲಸಕ್ಕೆ ಹೂಂ ಎಂದ ದಿನ ನಿಮ್ಮ ಕಣ್ಣ ಮುಂದೆ ಇದ್ದದ್ದು ಏನೇನು ಎಂದು ಒಂದು ಹಾಳೆಯಲ್ಲಿ ಬರೆಯಿರಿ. ಆಮೇಲೆ ತಿಳಿದದ್ದನ್ನು ಅದಕ್ಕೆ ಸೇರಿಸಬೇಡಿ. ತೀರ್ಪು ಕೊಡಲೇಬೇಕೆಂದಿದ್ದರೆ ಆ ಹಾಳೆಯ ಮೇಲೆ ಕೊಡಿ.

ಮಾಡಿದ್ದಕ್ಕಿಂತ ಮಾಡದೇ ಬಿಟ್ಟದ್ದೇ ಹೆಚ್ಚು ಕಾಡುತ್ತದೆ. ಯಾಕೆ?

ಬಹಳ ಜನರಿಗೆ ಹಾಗೇ. ಮಾಡಿದ ತಪ್ಪು ಆ ಹೊತ್ತಿಗೆ ಹೆಚ್ಚು ಚುಚ್ಚುತ್ತದೆ, ವರ್ಷಗಳು ಕಳೆದಂತೆ ಮಾಡದೇ ಬಿಟ್ಟದ್ದು ಮೇಲೆ ಬರುತ್ತದೆ ಎಂದು ಥಾಮಸ್ ಗಿಲೊವಿಚ್ ಮತ್ತು ವಿಕ್ಟೋರಿಯಾ ಮೆಡ್ವೆಕ್ 1990ರ ದಶಕದಲ್ಲಿ ತೋರಿಸಿದರು. ಮಾಡಿದ್ದಕ್ಕೆ ಒಂದು ಕೊನೆಯಿದೆ. ಮಾಡದ್ದಕ್ಕೆ ಕೊನೆಯಿಲ್ಲ, ಕಲ್ಪನೆಯಲ್ಲಿ ಅದು ಯಾವಾಗಲೂ ಚೆನ್ನಾಗಿಯೇ ನಡೆಯುತ್ತದೆ. ಬಿಟ್ಟುಹೋದದ್ದರ ಸಣ್ಣ ತುಂಡೊಂದು ಈಗಲೂ ಸಾಧ್ಯವಿದ್ದರೆ ಅದನ್ನು ಮಾಡಿ. ಸಾಧ್ಯವೇ ಇಲ್ಲದಿದ್ದರೆ ಅದು ಒಂದು ಸಾವಿನಂತೆ, ಅದಕ್ಕಾಗಿ ಅಳುವುದರಲ್ಲಿ ತಪ್ಪಿಲ್ಲ.

ನೋಯಿಸಿದವರನ್ನು ಕ್ಷಮಿಸದೆ ಒಪ್ಪಿಕೊಳ್ಳಲು ಆಗುತ್ತದೆಯೇ?

ಆಗುತ್ತದೆ. ಕ್ಷಮಿಸಿ ಎಂದು ಒತ್ತಾಯಿಸುವವರು ಬಹಳ ಸಲ ತಮ್ಮ ಮುಜುಗರ ಕಳೆದುಕೊಳ್ಳಲು ಹಾಗೆ ಹೇಳುತ್ತಿರುತ್ತಾರೆ. ಮನೆಯಲ್ಲಿ ಹಬ್ಬಕ್ಕೆ ಎಲ್ಲರೂ ಒಟ್ಟಿಗೆ ಕೂರಬೇಕು, ಅಷ್ಟೇ ಅವರಿಗೆ ಬೇಕಾದದ್ದು. ಕ್ಷಮೆಯ ಬಗ್ಗೆ 1980ರ ದಶಕದಿಂದ ಕೆಲಸ ಮಾಡಿದ ರಾಬರ್ಟ್ ಎನ್‌ರೈಟ್ ಕ್ಷಮಿಸುವುದನ್ನೂ ರಾಜಿಯಾಗುವುದನ್ನೂ ಸ್ಪಷ್ಟವಾಗಿ ಬೇರೆ ಇಡುತ್ತಾರೆ. ಕ್ಷಮಿಸಿಯೂ ಆ ಮನುಷ್ಯನನ್ನು ಮನೆಗೆ ಸೇರಿಸದೇ ಇರಬಹುದು, ದೂರು ಕೊಡಬಹುದು, ನ್ಯಾಯ ಕೇಳಬಹುದು. ಬಾಲ್ಯದಲ್ಲಿ ಮನೆಯವರಿಂದಲೇ ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಹೆಂಗಸರೊಂದಿಗೆ ಎನ್‌ರೈಟ್ ಅವರೂ ಸುಜಾನ್ ಫ್ರೀಡ್‌ಮನ್ ಅವರೂ ಮಾಡಿದ ಕೆಲಸ 1996ರಲ್ಲಿ ಪ್ರಕಟವಾಯಿತು. ಆ ಹೆಂಗಸರಿಗೆ ಕ್ಷಮಿಸಲು ಸರಾಸರಿ ಒಂದು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು, ಅದೂ ವಾರವಾರವೂ ಜೊತೆಗೆ ಕೂರುವವರಿದ್ದು. ಆಯ್ಕೆ ನಿಮ್ಮದೇ. ಕ್ಷಮಿಸದಿರುವುದು ನಿಮ್ಮ ಸ್ವಭಾವದ ಕೊರತೆಯಲ್ಲ.

ಅವರು ಒಂದು ಸಲವೂ ತಪ್ಪಾಯಿತು ಎನ್ನಲಿಲ್ಲ. ಈಗ ಅವರೇ ಇಲ್ಲ.

ಇದು ಬಹಳ ಕಷ್ಟದ ಜಾಗ, ಸಲೀಸಾದ ಉತ್ತರ ನನ್ನಲ್ಲಿಲ್ಲ. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಎಂಬ ಮಾತು ಎಷ್ಟೋ ಮಕ್ಕಳ ಬಾಯಿ ಕಟ್ಟುತ್ತದೆ. ಅಪ್ಪ ಸತ್ತಾಗ ದುಃಖವೂ ನಿರಾಳವೂ ಒಟ್ಟಿಗೇ ಬಂದರೆ, ಆ ನಿರಾಳಕ್ಕಾಗಿ ನಾಚಬೇಡಿ. ಹೊಡೆದ ಕೈಯೇ ಜ್ವರ ಬಂದಾಗ ಹಣೆ ಮುಟ್ಟಿರುತ್ತದೆ, ಎರಡೂ ನಡೆದದ್ದೇ. ಪ್ರೀತಿಯನ್ನು ಉಳಿಸಿಕೊಳ್ಳಲು ಹೊಡೆತವನ್ನು ಅಳಿಸಬೇಕಿಲ್ಲ, ಕೋಪವನ್ನು ಉಳಿಸಿಕೊಳ್ಳಲು ಆ ಹಣೆ ಮುಟ್ಟಿದ್ದನ್ನು ಸುಳ್ಳು ಎನ್ನಬೇಕಿಲ್ಲ. ಬರದ ಕ್ಷಮೆಯಾಚನೆಗಾಗಿ ಕಾಯುವುದನ್ನು ನಿಲ್ಲಿಸುವುದೇ ಇಲ್ಲಿ ಮಾಡಬೇಕಾದ ಕೆಲಸ, ಅದು ನಿಧಾನವಾಗಿ ಆಗುತ್ತದೆ. ಅವರಿಗೆ ಹೇಳಬೇಕಾಗಿದ್ದನ್ನು ಪತ್ರವಾಗಿ ಬರೆಯುವುದು, ಅದೇ ಮನೆಯಲ್ಲಿ ಬೆಳೆದ ಇನ್ನೊಬ್ಬರೊಂದಿಗೆ ಮಾತಾಡುವುದು ಕೆಲವರಿಗೆ ಕೈಹಿಡಿದಿದೆ.

ಹಳೆಯದರ ಬಗ್ಗೆ ದಿನವಿಡೀ ಯೋಚಿಸುತ್ತೇನೆ. ಆದರೂ ಯಾಕೆ ಹಗುರಾಗುತ್ತಿಲ್ಲ?

ಯೋಚಿಸುವುದು ಬೇರೆ, ಮೆಲುಕು ಹಾಕುವುದು ಬೇರೆ. ಸೂಸನ್ ನೋಲೆನ್-ಹೋಕ್ಸೆಮಾ ಸ್ಟ್ಯಾನ್‌ಫರ್ಡ್‌ನ ವಿದ್ಯಾರ್ಥಿಗಳು ಬೇಸರ ಬಂದಾಗ ಏನು ಮಾಡುತ್ತಾರೆ ಎಂದು ಕೇಳಿ ಬರೆದುಕೊಂಡಿದ್ದರು. ಸ್ವಲ್ಪವೇ ದಿನಗಳಲ್ಲಿ, 1989ರ ಅಕ್ಟೋಬರ್‌ನಲ್ಲಿ, ಅಲ್ಲಿ ದೊಡ್ಡ ಭೂಕಂಪವಾಯಿತು. ಮೊದಲೇ ಮೆಲುಕು ಹಾಕುವ ಅಭ್ಯಾಸವಿದ್ದವರಲ್ಲಿ ಭೂಕಂಪದ ಏಳು ವಾರಗಳ ನಂತರವೂ ಖಿನ್ನತೆ ಹೆಚ್ಚಿತ್ತು.

ಮೆಲುಕಿನ ಗುರುತು ಸುಲಭ. "ನನಗೇ ಯಾಕೆ ಹೀಗೆ" ಎಂಬ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ, ಪ್ರತಿ ಸಲವೂ ಅದೇ ಜಾಗಕ್ಕೆ ಬಂದು ನಿಲ್ಲುತ್ತದೆ. ಈಥನ್ ಕ್ರಾಸ್ ಮತ್ತು ಓಜ್ಲೆಮ್ ಆಯ್ದುಕ್ ಅವರ ಪ್ರಯೋಗಗಳಲ್ಲಿ, ಹಳೆಯ ಘಟನೆಯನ್ನು ಸ್ವಲ್ಪ ದೂರ ನಿಂತು, ಇನ್ನೊಬ್ಬರಿಗೆ ನಡೆದದ್ದನ್ನು ನೋಡುವಂತೆ ನೋಡಿದವರಿಗೆ ಸಂಕಟ ಕಡಿಮೆಯಾಯಿತು, ಅರ್ಥವೂ ಹೆಚ್ಚಾಯಿತು. "ನಾನು" ಎನ್ನುವ ಬದಲು ನಿಮ್ಮ ಹೆಸರನ್ನೇ ಹಿಡಿದು "ಆ ವಯಸ್ಸಿನಲ್ಲಿ ಅವಳಿಗೆ ಏನು ಗೊತ್ತಿತ್ತು, ಅವಳ ಕೈಯಲ್ಲಿ ಏನಿತ್ತು" ಎಂದು ಕೇಳಿ ನೋಡಿ. ಆಗದಿದ್ದರೆ ಎದ್ದು ನಡೆಯಿರಿ. ಮೆಲುಕನ್ನು ಇನ್ನೊಂದು ಯೋಚನೆಯಿಂದ ಗೆಲ್ಲುವುದು ಕಷ್ಟ, ಕೈಕಾಲಿಗೆ ಕೆಲಸ ಕೊಟ್ಟರೆ ಬಿಡುತ್ತದೆ.

ಬರೆಯಿರಿ ಎನ್ನುತ್ತಾರೆ. ಏನು ಬರೆಯಬೇಕು, ಎಷ್ಟು ದಿನ?

1986ರಲ್ಲಿ ಜೇಮ್ಸ್ ಪೆನ್ನೆಬೇಕರ್ ಮತ್ತು ಸ್ಯಾಂಡ್ರಾ ಬೀಲ್ ವಿದ್ಯಾರ್ಥಿಗಳಿಗೆ ದಿನಕ್ಕೆ 15 ನಿಮಿಷದಂತೆ ಸತತ ನಾಲ್ಕು ದಿನ, ಬದುಕಿನಲ್ಲಿ ಬಹಳ ನೋಯಿಸಿದ ಘಟನೆಯ ಬಗ್ಗೆ ಬರೆಯಲು ಹೇಳಿದರು. ಏನಾಯಿತು ಎಂಬುದನ್ನೂ ಏನನಿಸಿತು ಎಂಬುದನ್ನೂ ಸೇರಿಸಿ ಬರೆದವರು ಮುಂದಿನ ತಿಂಗಳುಗಳಲ್ಲಿ ವೈದ್ಯರ ಬಳಿ ಹೋದದ್ದು ಕಡಿಮೆ. ಬರೆದ ಹೊತ್ತಿಗೆ ಮಾತ್ರ ಅವರಿಗೆ ದುಃಖ ಹೆಚ್ಚಾಗಿತ್ತು. ಆಮೇಲೆ ಬಂದ ನೂರಾರು ಅಧ್ಯಯನಗಳನ್ನು ಒಟ್ಟು ಮಾಡಿದರೆ ಪ್ರಯೋಜನ ಇದೆ, ಆದರೆ ಸಣ್ಣದು.

ವ್ಯಾಕರಣ, ಅಕ್ಷರದ ಅಂದ ನೋಡಬೇಡಿ. ಯಾರಿಗೂ ತೋರಿಸಬೇಕಿಲ್ಲ, ಬರೆದು ಹರಿದುಹಾಕಿದರೂ ಸರಿ. ಒಂದೇ ವಾಕ್ಯ ದಿನದಿಂದ ದಿನಕ್ಕೆ ಮರಳಿ ಬರುತ್ತಿದ್ದರೆ ಅದು ಮೆಲುಕಾಯಿತು, ನಿಲ್ಲಿಸಿ. ಘಟನೆ ತೀರಾ ಹೊಸದಾಗಿದ್ದರೆ, ನೆನೆದರೆ ಮೈ ನಡುಗುವಂತಿದ್ದರೆ, ಒಬ್ಬರೇ ಕೂತು ಬರೆಯುವ ಸಾಹಸ ಬೇಡ.

ಹೊಸ ಸಂಗಾತಿಗೆ, ಮಕ್ಕಳಿಗೆ ಎಲ್ಲವನ್ನೂ ಹೇಳಬೇಕೇ?

ಎಲ್ಲವನ್ನೂ ಬೇಡ. ನಿಮ್ಮ ಕಥೆ ಯಾರ ಸಾಲವೂ ಅಲ್ಲ. ಆದರೆ ಅವರ ಬದುಕನ್ನು ಮುಟ್ಟುವ ಭಾಗವನ್ನು, ಸಾಲ, ಕಾಯಿಲೆ, ಹಿಂದಿನ ಮದುವೆ, ರಾತ್ರಿ ಬೆಚ್ಚಿಬೀಳುವುದು, ಇಂಥವನ್ನು ಸಂಗಾತಿಗೆ ತಿಳಿಸುವುದು ನ್ಯಾಯ. ಮಕ್ಕಳಿಗೆ ವಯಸ್ಸಿಗೆ ತಕ್ಕಷ್ಟು. "ಚಿಕ್ಕವಳಿದ್ದಾಗ ಅಮ್ಮನಿಗೆ ತುಂಬಾ ಬೈಯುತ್ತಿದ್ದರು, ಅದಕ್ಕೇ ಜೋರು ದನಿ ಕೇಳಿದರೆ ಅಮ್ಮನಿಗೆ ಹೆದರಿಕೆ" ಎಂದರೆ ಮಗುವಿಗೆ ಅರ್ಥವಾಗುತ್ತದೆ. ಅಮ್ಮ ಹೆದರುವುದು ತನ್ನಿಂದಲ್ಲ ಎಂಬ ಸಮಾಧಾನವೂ ಸಿಗುತ್ತದೆ. ನಿಮ್ಮನ್ನು ಸಂತೈಸುವ ಹೊಣೆಯನ್ನು ಮಾತ್ರ ಮಗುವಿನ ಮೇಲೆ ಹಾಕಬೇಡಿ.

ಯಾವಾಗ ತಜ್ಞರ ಬಳಿ ಹೋಗಬೇಕು?

ಘಟನೆ ಮುಗಿದು ತಿಂಗಳು ಕಳೆದರೂ ಅದು ಕಣ್ಣ ಮುಂದೆಯೇ ಮತ್ತೆ ನಡೆಯುತ್ತಿರುವಂತೆ ಅನಿಸಿದರೆ, ಕೆಟ್ಟ ಕನಸು ಬಿಡದಿದ್ದರೆ, ಆ ಜಾಗ, ಆ ಮಾತು, ಆ ವಾಸನೆಯಿಂದ ಓಡುತ್ತಿದ್ದರೆ, ಸದಾ ಮೈಯೆಲ್ಲ ಎಚ್ಚರವಾಗಿದ್ದರೆ ತಡಮಾಡಬೇಡಿ. ಆಘಾತದ ನಂತರ ಉಳಿಯುವ ಈ ಒತ್ತಡದ ಕಾಯಿಲೆಯನ್ನು ವೈದ್ಯರು ಪಿಟಿಎಸ್‌ಡಿ ಎನ್ನುತ್ತಾರೆ. ಅಮೆರಿಕದ ಮನೋವೈದ್ಯರ ಅಧಿಕೃತ ಕೈಪಿಡಿಗೆ ಈ ಹೆಸರು ಸೇರಿದ್ದು 1980ರಲ್ಲಿ. ಅದಕ್ಕೂ ಮುಂಚೆ ಎಷ್ಟೋ ಸೈನಿಕರು, ಎಷ್ಟೋ ಹೆಂಗಸರು ಹೇಡಿಗಳು, ಹುಚ್ಚರು ಎನಿಸಿಕೊಂಡೇ ಬದುಕಿದರು. ಪೆಟ್ಟಿನ ನೆನಪಿನ ಮೇಲೆಯೇ ಕೆಲಸ ಮಾಡುವ ಸಿಬಿಟಿ (ಯೋಚನೆ, ನಡವಳಿಕೆಗಳನ್ನು ಬದಲಿಸಲು ನೆರವಾಗುವ ಮಾತಿನ ಚಿಕಿತ್ಸೆ) ಮತ್ತು ಇಎಂಡಿಆರ್ (ಪೆಟ್ಟನ್ನು ನೆನೆಯುತ್ತಾ ಕಣ್ಣುಗಳನ್ನು ಅತ್ತಿತ್ತ ಆಡಿಸುವ ಚಿಕಿತ್ಸೆ) ಎಂಬ ಚಿಕಿತ್ಸೆಗಳನ್ನು ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಇದಕ್ಕೆ ಸೂಚಿಸಿದೆ. ಮೊದಲ ಭೇಟಿಯಲ್ಲೇ ಎಲ್ಲವನ್ನೂ ಹೇಳಬೇಕೆಂದಿಲ್ಲ. ಒಬ್ಬರು ಹೊಂದದಿದ್ದರೆ ಇನ್ನೊಬ್ಬರ ಬಳಿ ಹೋಗಿ.

ಸಾಯಬೇಕು ಎಂಬ ಯೋಚನೆ ಬರುತ್ತಿದ್ದರೆ ಮುಂದೆ ಓದುವುದನ್ನು ನಿಲ್ಲಿಸಿ, ಈಗಲೇ ಹತ್ತಿರದವರೊಬ್ಬರನ್ನು ಕರೆಯಿರಿ, ಆಸ್ಪತ್ರೆಗೆ ಹೋಗಿ ಅಥವಾ ಸಹಾಯವಾಣಿಗೆ ಫೋನ್ ಮಾಡಿ.

ನನಗೆ ಅರವತ್ತು ದಾಟಿತು. ಇನ್ನು ಇದೆಲ್ಲ ಯಾಕೆ?

ಮುದುಕರು ಹಳೆಯದನ್ನೇ ಮಾತಾಡುವುದನ್ನು ಒಂದು ಕಾಲಕ್ಕೆ ಬುದ್ಧಿ ಮಂಕಾದ ಲಕ್ಷಣ ಎಂದು ತಿಳಿದಿದ್ದರು. 1963ರಲ್ಲಿ ಮನೋವೈದ್ಯ ರಾಬರ್ಟ್ ಬಟ್ಲರ್ ಅದನ್ನು ಅಲ್ಲಗಳೆದು, ವಯಸ್ಸಾದಂತೆ ಬದುಕನ್ನು ತಿರುಗಿ ನೋಡುವುದು ಸಹಜವಾದ, ಅಗತ್ಯವಾದ ಕೆಲಸ ಎಂದು ಬರೆದರು. ಮನುಷ್ಯ ಬದಲಾಗುವುದು ನಿಂತುಬಿಡುತ್ತದೆ ಎಂಬುದೂ ನಿಜವಲ್ಲ. 2013ರಲ್ಲಿ ಪ್ರಕಟವಾದ, 18ರಿಂದ 68 ವಯಸ್ಸಿನ 19,000ಕ್ಕೂ ಹೆಚ್ಚು ಜನರ ಅಧ್ಯಯನದಲ್ಲಿ, ಎಲ್ಲ ವಯಸ್ಸಿನವರೂ ಕಳೆದ ಹತ್ತು ವರ್ಷಗಳಲ್ಲಿ ತಾವು ಬಹಳ ಬದಲಾದೆವು, ಇನ್ನು ಮುಂದೆ ಅಷ್ಟು ಬದಲಾಗುವುದಿಲ್ಲ ಎಂದೇ ಹೇಳಿದರು. ಇಪ್ಪತ್ತರವರೂ ಹಾಗೇ ಅಂದುಕೊಂಡಿದ್ದರು. ಕೇಳುವ ಒಬ್ಬರು ಸಿಕ್ಕರೆ ಹೇಳಲು ಶುರುಮಾಡಿ.

ಒಪ್ಪಿಕೊಂಡಾಯಿತು ಎಂದುಕೊಂಡಿದ್ದೆ. ಈಗ ಮತ್ತೆ ಎಲ್ಲ ಎದ್ದು ಬಂದಿದೆ. ಮಾಡಿದ್ದೆಲ್ಲ ವ್ಯರ್ಥವೇ?

ವ್ಯರ್ಥವಲ್ಲ. ನಿಮಗೆ ಪೆಟ್ಟು ಬಿದ್ದ ವಯಸ್ಸಿಗೆ ನಿಮ್ಮ ಮಗು ಬಂದಾಗ, ಮನೆಯಲ್ಲಿ ಸಾವಾದಾಗ, ಮದುವೆಯಾದಾಗ, ಕೆಲಸ ಬಿಟ್ಟಾಗ ಹಳೆಯದು ಏಳುವುದು ಸಾಮಾನ್ಯ. ಏಳು ವರ್ಷದ ನಿಮ್ಮ ಮಗಳನ್ನು ನೋಡಿದಾಗಲೇ ಏಳು ವರ್ಷ ಎಂದರೆ ಎಷ್ಟು ಚಿಕ್ಕದು ಎಂದು ಗೊತ್ತಾಗುವುದು, ಅಷ್ಟು ಚಿಕ್ಕವಳಿಗೆ ಅಂಥದ್ದು ಆಯಿತು ಎಂಬುದು ಮೊದಲ ಸಲ ಅರ್ಥವಾಗುವುದು. ಹೊಸದಾಗಿ ಕಂಡದ್ದನ್ನು ಹೊಸದಾಗಿ ಒಪ್ಪಿಕೊಳ್ಳಬೇಕು. ಹಿಂದಿನ ಸಲ ಯಾವುದು ಕೈಹಿಡಿಯಿತೋ, ನಡಿಗೆಯೋ ಬರಹವೋ ಸ್ನೇಹಿತರೋ ಆಪ್ತಸಮಾಲೋಚಕರೋ, ಅದನ್ನೇ ಮೊದಲು ಮತ್ತೆ ಶುರುಮಾಡಿ. ಈ ಸಲ ಎಷ್ಟು ದಿನ ಹಿಡಿಯುತ್ತದೆ ಎಂದು ಎಣಿಸಬೇಡಿ, ನಿದ್ದೆ ಮತ್ತು ಊಟ ಸರಿಯಾಗಿ ಆಗುತ್ತಿದೆಯೇ ಎಂಬುದನ್ನಷ್ಟೇ ನೋಡಿಕೊಳ್ಳಿ. ಎರಡು ವಾರವಾದರೂ ಅವೆರಡೂ ಹಳಿಗೆ ಬರದಿದ್ದರೆ ವೈದ್ಯರನ್ನು ಕಾಣಿ.